ಕರಗಿಸಿದ್ದು ಯಾರು? ಲ್ಯಾಟಿನ್ ಕೃದಂತಗಳು ಮತ್ತು ನನ್ನ ಒಂದು ವಿಜ್ಞಾನ ಪಾಠ

ಹಿನ್ನೆಲೆ

ಅಭ್ಯಾಸ ಬೋಧನೆಯ ಮೂರನೇ ವಾರದಲ್ಲಿ ನಾನು 9ನೇ ತರಗತಿಯ ಆಂಗ್ಲ ಮಾಧ್ಯಮ ವಿಭಾಗಕ್ಕೆ ದ್ರಾವಣಗಳ ಪಾಠ ಮಾಡಿದೆ. ಆ ವಿಭಾಗದ ಹೆಚ್ಚಿನ ಮಕ್ಕಳು 7ನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರಿಗೆ ನೆರವಾಗಲೆಂದು ಪ್ರತಿ ಹೊಸ ಪದದ ಎದುರು ಕನ್ನಡದ ಅರ್ಥ ಬರೆಸುವ ಕ್ರಮ ಇಟ್ಟುಕೊಂಡಿದ್ದೆ. ಪಠ್ಯಪುಸ್ತಕದ ‘ದ್ರಾವಕ’, ‘ದ್ರಾವ್ಯ’ ಎಂಬ ಪದಗಳು ಕಠಿಣವೆನಿಸಿ, ಅವನ್ನು ಬಿಟ್ಟು ಆಡುಮಾತಿನಲ್ಲಿ ಹೀಗೆ ಬರೆಸಿದೆ: ಸಾಲ್ವೆಂಟ್ ಎಂದರೆ ಕರಗಿಸುವ ವಸ್ತು. ಸಾಲ್ಯೂಟ್ ಎಂದರೆ ಕರಗಿಸಿದ ವಸ್ತು.

ಪ್ರಯೋಗ ಚೆನ್ನಾಗಿ ನಡೆಯಿತು. ಸಕ್ಕರೆ, ಉಪ್ಪು, ಮರಳು ಮೂರನ್ನೂ ಲೋಟದ ನೀರಿಗೆ ಹಾಕಿ ಮಕ್ಕಳೇ ಕಲಕಿ ನೋಡಿದರು. ವೀಕ್ಷಕರ ಟಿಪ್ಪಣಿಯಲ್ಲೂ ‘ಬೋಧನೋಪಕರಣಗಳ ಬಳಕೆ ಉತ್ತಮ’ ಎಂದಿತ್ತು. ಆದರೆ ಎರಡು ದಿನಗಳ ನಂತರ ಕೊಟ್ಟ ಕಿರುಪರೀಕ್ಷೆಯಲ್ಲಿ ‘ಸಕ್ಕರೆಯ ದ್ರಾವಣದಲ್ಲಿ ಸಾಲ್ಯೂಟ್ ಯಾವುದು?’ ಎಂಬ ಪ್ರಶ್ನೆಗೆ 11 ಮಕ್ಕಳು ‘ನೀರು’ ಎಂದು ಬರೆದಿದ್ದರು. ನಾನು ಎಲ್ಲಕ್ಕೂ ಕೆಂಪು ಗೆರೆ ಎಳೆದು, ‘ಪರಿಕಲ್ಪನೆ ಸ್ಪಷ್ಟವಿಲ್ಲ’ ಎಂದು ದಾಖಲೆ ಪುಸ್ತಕದಲ್ಲಿ ಬರೆದುಕೊಂಡೆ.

ಉತ್ತರಪತ್ರಿಕೆ ಕೊಟ್ಟಾಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ಮೇಜಿನ ಹತ್ತಿರ ಬಂದಳು.

“ಮಿಸ್, ನೀವೇ ಬರೆಸಿದ್ರಲ್ಲ, ಸಾಲ್ಯೂಟ್ ಅಂದ್ರೆ ಕರಗಿಸಿದ ವಸ್ತು ಅಂತ. ಸಕ್ಕರೇನ ಕರಗಿಸಿದ್ದು ನೀರೇ ಅಲ್ವಾ?”

ನಾನು ಏನೋ ಹೇಳಲು ಹೋಗಿ ನಿಲ್ಲಿಸಿದೆ. ಅವಳು ಹೇಳಿದ್ದು ಸರಿಯಾಗಿತ್ತು. “ನಂಗೆ ಇಂಗ್ಲಿಷ್ ಮೀಡಿಯಂ ಆಗಲ್ಲ ಅಂತ ಮನೇಲೂ ಹೇಳ್ತಿದಾರೆ ಮಿಸ್” ಎಂದು ಸೇರಿಸಿ ತನ್ನ ಜಾಗಕ್ಕೆ ಹೋದಳು.

ಈ ಲೇಖನ ಆ ಒಂದು ಪ್ರಶ್ನೆಯಿಂದ ಹುಟ್ಟಿತು.

ದೋಷ ಎಲ್ಲಿತ್ತು?

ಆ ಸಂಜೆ ವಿಷಯವನ್ನು ಕನ್ನಡ ಬೋಧನಾ ವಿಷಯದ ಸಹಪಾಠಿಯೊಬ್ಬಳ ಮುಂದೆ ಇಟ್ಟೆ. ಅವಳು ಕಾಗದದ ಮೇಲೆ ಎರಡು ಸಾಲು ಬರೆದಳು:

ಸಕ್ಕರೆಯನ್ನು ಕರಗಿಸಿದ ನೀರು.
ನೀರಿನಲ್ಲಿ ಕರಗಿಸಿದ ಸಕ್ಕರೆ.

ಎರಡೂ ಶುದ್ಧ ಕನ್ನಡ. ‘ಕರಗಿಸಿದ’ ಎಂಬ ಕೃದಂತ ಎರಡು ಕಡೆಯೂ ಒಂದೇ. ಮೊದಲನೆಯದರಲ್ಲಿ ಅದು ಕೆಲಸ ಮಾಡಿದ ವಸ್ತುವಿಗೆ ವಿಶೇಷಣ, ಎರಡನೆಯದರಲ್ಲಿ ಕೆಲಸಕ್ಕೆ ಒಳಗಾದ ವಸ್ತುವಿಗೆ ವಿಶೇಷಣ. ‘ತಿಂದ ಹುಡುಗ’, ‘ತಿಂದ ಹಣ್ಣು’ ಎನ್ನುವಾಗಲೂ ಹೀಗೆಯೇ. ಕನ್ನಡದ ಕೃದಂತವು ಕಾಲವನ್ನು ಹೇಳುತ್ತದೆ, ಯಾರು ಕರ್ತೃ ಯಾರು ಕರ್ಮ ಎಂಬುದನ್ನು ಹೇಳುವುದಿಲ್ಲ. ಅದನ್ನು ವಾಕ್ಯದ ಉಳಿದ ಪದಗಳಿಂದ ನಾವು ತಿಳಿಯುತ್ತೇವೆ. ನಾನು ಉಳಿದ ಪದಗಳನ್ನೆಲ್ಲ ಕಿತ್ತು ‘ಕರಗಿಸಿದ ವಸ್ತು’ ಎಂದಷ್ಟೇ ಬರೆಸಿದ್ದೆ. ಹುಡುಗಿ ಅದನ್ನು ಸರಿಯಾಗಿಯೇ ಓದಿದ್ದಳು. ಇನ್ನೊಂದು ರೀತಿಯಲ್ಲಿ ಓದಿದವರಿಗೆ ಅಂಕ ಸಿಕ್ಕಿತ್ತು, ಅಷ್ಟೇ.

ಹಾಗಾದರೆ ಮೂಲ ಪದಗಳಾದ ಸಾಲ್ವೆಂಟ್, ಸಾಲ್ಯೂಟ್‌ಗಳು ಈ ವ್ಯತ್ಯಾಸವನ್ನು ಹೇಗೆ ತೋರಿಸುತ್ತವೆ? ಪದಮೂಲ ಕೊಡುವ ದೊಡ್ಡ ಇಂಗ್ಲಿಷ್ ನಿಘಂಟನ್ನೂ ಒಂದು ಲ್ಯಾಟಿನ್ ವ್ಯಾಕರಣವನ್ನೂ ಗ್ರಂಥಾಲಯದಲ್ಲಿ ತೆರೆದೆ. ಅಲ್ಲಿ ಸಿಕ್ಕ ಉತ್ತರ ಒಂದೇ ಮಾತಿನಲ್ಲಿ ಹೀಗಿದೆ: ಎರಡೂ ಒಂದೇ ಧಾತುವಿನ ಎರಡು ಕೃದಂತಗಳು.

ವಿಷಯಾಂಶ: ಲ್ಯಾಟಿನ್ ಕೃದಂತ ಎಂದರೇನು?

ಇಂಗ್ಲಿಷ್‌ನ ‘ಪಾರ್ಟಿಸಿಪಲ್’ ಎಂಬ ಪದ ಲ್ಯಾಟಿನ್‌ನ ‘ಪಾರ್ತಿಕಿಪಿಯುಮ್’ನಿಂದ ಬಂದಿದೆ. ‘ಪಾಲು ತೆಗೆದುಕೊಳ್ಳುವುದು’ ಎಂದು ಅದರ ಅರ್ಥ. ನಾಮಪದದ ಗುಣದಲ್ಲೂ ಕ್ರಿಯಾಪದದ ಗುಣದಲ್ಲೂ ಪಾಲು ಪಡೆಯುವ ಪದವಾದ್ದರಿಂದ ಈ ಹೆಸರು. ಗ್ರೀಕ್ ವೈಯಾಕರಣರು ಇದೇ ಅರ್ಥದ ‘ಮೆತೋಖೆ’ ಎಂಬ ಪದ ಬಳಸಿದ್ದರು, ರೋಮನ್ನರು ಅದನ್ನು ಅನುವಾದಿಸಿಕೊಂಡರು. ಕ್ರಿ.ಪೂ. 1ನೇ ಶತಮಾನದ ರೋಮನ್ ವಿದ್ವಾಂಸ ವಾರೋ ಪದಗಳನ್ನು ನಾಲ್ಕು ಗುಂಪು ಮಾಡಿದ: ವಿಭಕ್ತಿ ಇರುವವು, ಕಾಲ ಇರುವವು, ಎರಡೂ ಇರುವವು, ಎರಡೂ ಇಲ್ಲದವು. ಕೃದಂತಗಳು ಮೂರನೆಯ ಗುಂಪಿನವು. ನಮ್ಮ ಮಕ್ಕಳು ಕನ್ನಡ ವ್ಯಾಕರಣದಲ್ಲಿ ಓದುವ ಕೃದಂತನಾಮವೂ ಹೀಗೆಯೇ. ‘ಮಾಡಿದ’ ಎಂಬುದಕ್ಕೆ ಕಾಲವಿದೆ. ‘ಮಾಡಿದವನು, ಮಾಡಿದವನನ್ನು, ಮಾಡಿದವನಿಗೆ’ ಎಂದು ವಿಭಕ್ತಿಯನ್ನೂ ಅದು ಪಡೆಯುತ್ತದೆ.

ಲ್ಯಾಟಿನ್‌ನಲ್ಲಿ ನಾಲ್ಕು ಬಗೆಯ ಕೃದಂತಗಳಿವೆ. ತರಗತಿಗೆ ಬೇಕಾದಷ್ಟನ್ನೇ ಇಲ್ಲಿ ಕೊಡುತ್ತೇನೆ.

1. ವರ್ತಮಾನ ಕರ್ತರಿ. ‘-ನ್ಸ್’ ಎಂದು ಮುಗಿಯುತ್ತದೆ, ವಿಭಕ್ತಿ ಹತ್ತಿದಾಗ ‘-ಂತ್’ ಕಾಣಿಸಿಕೊಳ್ಳುತ್ತದೆ. ‘ಮಾಡುವ, ಮಾಡುತ್ತಿರುವ’ ಎಂಬ ಅರ್ಥ. ಇಂಗ್ಲಿಷ್‌ಗೆ ಬರುವಾಗ ಇದು ‘-ಎಂಟ್’ ಅಥವಾ ‘-ಆಂಟ್’ ಆಗುತ್ತದೆ.

2. ಭೂತ ಕರ್ಮಣಿ. ‘-ತುಸ್’ ಅಥವಾ ‘-ಸುಸ್’ ಎಂದು ಮುಗಿಯುತ್ತದೆ, ನಪುಂಸಕಲಿಂಗದಲ್ಲಿ ‘-ತುಮ್’. ‘ಮಾಡಲ್ಪಟ್ಟ’ ಎಂಬ ಅರ್ಥ.

3. ಭವಿಷ್ಯತ್ ಕರ್ತರಿ. ‘-ತೂರುಸ್’ ಎಂದು ಮುಗಿಯುತ್ತದೆ. ‘ಮಾಡಲಿರುವ’ ಎಂಬ ಅರ್ಥ. ‘ಆಗಲಿರುವ’ ಎಂಬರ್ಥದ ‘ಫುತೂರುಸ್’ನಿಂದಲೇ ನಮ್ಮ ‘ಫ್ಯೂಚರ್’.

4. ಭವಿಷ್ಯತ್ ಕರ್ಮಣಿ. ‘-ಂದುಸ್’ ಎಂದು ಮುಗಿಯುತ್ತದೆ. ‘ಮಾಡಲ್ಪಡಬೇಕಾದ’ ಎಂಬ ಅರ್ಥ. ಇಂಗ್ಲಿಷ್‌ನಲ್ಲಿ ‘-ಎಂಡ್’, ‘-ಅಂಡ್’.

ಒಂದೇ ಧಾತುವಿನಿಂದ ಇವು ಹುಟ್ಟುವುದನ್ನು ತೋರಿಸಲು ಮಕ್ಕಳು ಕೇಳಿರುವ ಪದಗಳೇ ಸಾಕು. ‘ಮಾಡು, ನಡೆಸು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ‘ಅಗೆನ್ಸ್’, ಅಂದರೆ ಮಾಡುವ, ಅದೇ ನಮ್ಮ ಏಜೆಂಟ್. ಅದರಿಂದಲೇ ‘ಆಕ್ತುಮ್’, ಅಂದರೆ ಮಾಡಲ್ಪಟ್ಟದ್ದು, ಅದೇ ಆಕ್ಟ್. ಅದರಿಂದಲೇ ‘ಅಗೆಂದ’, ಅಂದರೆ ಮಾಡಬೇಕಾದವು, ಅದೇ ಸಭೆಯ ಅಜೆಂಡಾ.

ಈಗ ನನ್ನ ಪಾಠದ ಜೋಡಿಗೆ ಬರೋಣ. ಲ್ಯಾಟಿನ್‌ನ ‘ಸೊಲ್ವೆರೆ’ ಎಂದರೆ ಸಡಿಲಿಸು, ಬಿಡಿಸು. ‘ಸೊಲ್ವೆನ್ಸ್’ ಎಂದರೆ ಬಿಡಿಸುವ, ‘ಸೊಲೂತುಮ್’ ಎಂದರೆ ಬಿಡಿಸಲ್ಪಟ್ಟದ್ದು. ನೀರು ಸಕ್ಕರೆಯ ಹರಳಿನ ಕಟ್ಟನ್ನು ಬಿಡಿಸುತ್ತದೆ, ಆದ್ದರಿಂದ ನೀರು ಸಾಲ್ವೆಂಟ್. ಸಕ್ಕರೆಯ ಕಟ್ಟು ಬಿಡಿಸಲ್ಪಡುತ್ತದೆ, ಆದ್ದರಿಂದ ಅದು ಸಾಲ್ಯೂಟ್. ಸಾಮಾನ್ಯ ಸಕರ್ಮಕ ಧಾತುವಿಗೆ ಲ್ಯಾಟಿನ್‌ನಲ್ಲಿ ಕರ್ತರಿ ಅರ್ಥದ ಭೂತಕೃದಂತವೇ ಇಲ್ಲ. ಹಾಗಾಗಿ ನನ್ನ ‘ಕರಗಿಸಿದ’ ಎಂಬ ಪದ ಹುಟ್ಟಿಸಿದ ಗೊಂದಲ ‘ಸೊಲೂತುಮ್’ನಲ್ಲಿ ಹುಟ್ಟುವುದಿಲ್ಲ. ರೂಪದಲ್ಲಿ ಕರ್ಮಣಿಯಾಗಿದ್ದು ಅರ್ಥದಲ್ಲಿ ಕರ್ತರಿಯಾಗಿರುವ ಕೆಲವು ಧಾತುಗಳು ಲ್ಯಾಟಿನ್‌ನಲ್ಲಿವೆ. ನಮ್ಮ ಈ ಪಾಠದ ಮಟ್ಟಕ್ಕೆ ಅವು ಬೇಕಾಗಿಲ್ಲ.

ಇದನ್ನು ಓದುವಾಗ ಇನ್ನೊಂದು ಹೊಳೆಯಿತು. ಗಣಿತದ ‘ಸಾಲ್ವ್’ ಕೂಡ ಇದೇ ಧಾತು. ನಾವು ಕನ್ನಡದಲ್ಲಿ ‘ಲೆಕ್ಕ ಬಿಡಿಸು’ ಎನ್ನುತ್ತೇವೆ, ‘ಗಂಟು ಬಿಡಿಸು’ ಎಂದೂ ಎನ್ನುತ್ತೇವೆ. ಲ್ಯಾಟಿನ್‌ನವರು ಯೋಚಿಸಿದ ದಾರಿಯಲ್ಲೇ ಕನ್ನಡವೂ ಯೋಚಿಸಿದೆ.

ನಾನು ಕಠಿಣವೆಂದು ಬಿಟ್ಟ ಪದಗಳು

ಇಷ್ಟು ತಿಳಿದ ಮೇಲೆ ಪಠ್ಯದ ‘ದ್ರಾವಕ’, ‘ದ್ರಾವ್ಯ’ಗಳನ್ನು ಮತ್ತೆ ನೋಡಿದೆ. ಇವೂ ಸಂಸ್ಕೃತದ ಕೃದಂತಗಳೇ. ‘-ಅಕ’ ಎಂದು ಮುಗಿದರೆ ಮಾಡುವಂಥದ್ದು, ‘-ಯ’ ಎಂದು ಮುಗಿದರೆ ಮಾಡಲ್ಪಡಬೇಕಾದದ್ದು. ದ್ರಾವಕ ಕರಗಿಸುವಂಥದ್ದು, ದ್ರಾವ್ಯ ಕರಗಿಸಲ್ಪಡಬೇಕಾದದ್ದು. ನಾನು ‘ಸುಲಭ’ ಮಾಡಲು ಹೋಗಿ ಅಳಿಸಿದ ವ್ಯತ್ಯಾಸ ಆ ಪದಗಳಲ್ಲಿ ಮೊದಲೇ ಇತ್ತು.

ಗಣಿತದ ಪದಗಳನ್ನು ತೆಗೆದುಕೊಂಡರೆ ಹೋಲಿಕೆ ಇನ್ನೂ ಸ್ಪಷ್ಟ. ಭಾಗಾಕಾರದಲ್ಲಿ ‘ಡಿವಿಡೆಂಡ್’ ಎಂಬುದು ‘ದಿವಿದೆಂದುಸ್’, ಅಂದರೆ ಭಾಗಿಸಲ್ಪಡಬೇಕಾದ ಸಂಖ್ಯೆ. ನಮ್ಮ ‘ಭಾಜ್ಯ’ಕ್ಕೂ ಅಕ್ಷರಶಃ ಅದೇ ಅರ್ಥ. 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ ‘ಲೀಲಾವತಿ’ಯ ಭಾಗಾಕಾರದ ನಿಯಮದಲ್ಲಿ ಇದೇ ‘ಭಾಜ್ಯ’ ಬರುತ್ತದೆ. ಕಂಪನಿ ತನ್ನ ಷೇರುದಾರರಿಗೆ ಹಂಚಬೇಕಾದ ಲಾಭಕ್ಕೂ ಡಿವಿಡೆಂಡ್ ಎನ್ನುವುದು ಇದೇ ಕಾರಣಕ್ಕೆ. ‘ಮಲ್ಟಿಪ್ಲಿಕ್ಯಾಂಡ್’ ಗುಣಿಸಲ್ಪಡಬೇಕಾದದ್ದು, ನಮ್ಮಲ್ಲಿ ‘ಗುಣ್ಯ’. ‘ಡೇಟಾ’ ಎಂಬುದು ‘ದತುಮ್’ನ ಬಹುವಚನ, ಕೊಡಲ್ಪಟ್ಟವು. ನಮ್ಮ ‘ದತ್ತಾಂಶ’ದ ‘ದತ್ತ’ವೂ ಕೊಡಲ್ಪಟ್ಟದ್ದು. ‘ಫ್ರ್ಯಾಕ್ಷನ್’ನ ಹಿಂದೆ ‘ಫ್ರಾಕ್ತುಸ್’, ಅಂದರೆ ಮುರಿಯಲ್ಪಟ್ಟ ಎಂಬ ಕೃದಂತವಿದೆ. ‘ಭಿನ್ನರಾಶಿ’ಯ ‘ಭಿನ್ನ’ಕ್ಕೂ ಒಡೆಯಲ್ಪಟ್ಟ ಎಂದೇ ಮೂಲಾರ್ಥ. ರಾಸಾಯನಿಕ ಕ್ರಿಯೆಯ ‘ಪ್ರಾಡಕ್ಟ್’ ಭೂತಕೃದಂತ, ‘ಉತ್ಪನ್ನ’ವೂ ಭೂತಕೃದಂತ.

ಮೂಲ: ಹೋಲಿಕೆ ಆಕಸ್ಮಿಕವೇ?

ಅರ್ಥದ ಹೋಲಿಕೆ ಬೇರೆ ಬೇರೆ ಭಾಷೆಗಳಲ್ಲಿ ತಾನಾಗಿ ಹುಟ್ಟಬಹುದು, ‘ಬಿಡಿಸು’ವಿನಲ್ಲಿ ಆದಂತೆ. ಆದರೆ ಲ್ಯಾಟಿನ್ ಮತ್ತು ಸಂಸ್ಕೃತದ ಕೃದಂತ ಪ್ರತ್ಯಯಗಳ ವಿಷಯ ಹಾಗಲ್ಲ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾತನಾಡುತ್ತ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರರ ಧಾತುಗಳಲ್ಲೂ ವ್ಯಾಕರಣ ರೂಪಗಳಲ್ಲೂ ಇರುವ ಹೋಲಿಕೆ ಆಕಸ್ಮಿಕವಾಗಿರಲಾರದು ಎಂದರು. ಇಂದು ಈ ಭಾಷೆಗಳನ್ನು ಇಂಡೋ-ಯುರೋಪಿಯನ್ ಎಂಬ ಒಂದೇ ಕುಟುಂಬದವೆಂದು ಗುರುತಿಸುತ್ತೇವೆ.

ಲ್ಯಾಟಿನ್‌ನ ‘-ತುಸ್’ ಮತ್ತು ಪಾಣಿನಿ ‘ಕ್ತ’ ಎಂದು ಕರೆದ ಸಂಸ್ಕೃತದ ‘-ತ’ ಒಂದೇ ಮೂಲದವು. ‘ಕೃತ’, ‘ಶ್ರುತ’, ‘ದತ್ತ’ಗಳಲ್ಲಿ ಅದು ‘ತ’ ಆಗಿಯೇ ಉಳಿದಿದೆ. ‘ಭಿನ್ನ’, ‘ಉತ್ಪನ್ನ’ಗಳಲ್ಲಿ ಅದರ ಜಾಗದಲ್ಲಿ ‘ನ’ ಇದೆ. ‘ಸಾಲ್ವೆಂಟ್’ನ ‘-ಎಂಟ್’ಗೂ ಸಂಸ್ಕೃತದಲ್ಲಿ ನೆಂಟನಿದ್ದಾನೆ. ನಾವು ದಿನವೂ ಬಳಸುವ ‘ಜೀವಂತ’ ಎಂಬ ಪದ ‘ಜೀವಿಸುವ’ ಎಂಬರ್ಥದ ವರ್ತಮಾನ ಕೃದಂತದಿಂದ ಬಂದದ್ದು. ಲ್ಯಾಟಿನ್‌ನಲ್ಲಿ ಅದಕ್ಕೆ ಸಮನಾದದ್ದು ‘ವಿವೆನ್ಸ್’, ವಿಭಕ್ತಿ ಹತ್ತಿದಾಗ ‘ವಿವೆಂತಿಸ್’. ಧಾತುವೂ ಒಂದೇ ಮೂಲದ್ದು, ಪ್ರತ್ಯಯವೂ ಒಂದೇ ಮೂಲದ್ದು.

ಕನ್ನಡದ ‘ಮಾಡುವ’, ‘ಮಾಡಿದ’, ‘ಮಾಡದ’ಗಳು ಈ ಕುಟುಂಬಕ್ಕೆ ಸೇರಿದವಲ್ಲ. ಕನ್ನಡ ದ್ರಾವಿಡ ಭಾಷೆ. 1856ರಲ್ಲಿ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣವನ್ನು ಪ್ರಕಟಿಸಿ, ಇವು ಬೇರೆಯೇ ಕುಟುಂಬದವೆಂದು ವಿವರವಾಗಿ ತೋರಿಸಿದರು. ನಿಷೇಧಕ್ಕೆ ‘ಮಾಡದ’ ಎಂಬ ಪ್ರತ್ಯೇಕ ಕೃದಂತ ಕನ್ನಡದಲ್ಲಿದೆ, ಲ್ಯಾಟಿನ್‌ನಲ್ಲಿಲ್ಲ. ಕರ್ತರಿ-ಕರ್ಮಣಿಯ ಗುರುತು ಲ್ಯಾಟಿನ್ ಕೃದಂತದಲ್ಲಿದೆ, ಕನ್ನಡ ಕೃದಂತದಲ್ಲಿಲ್ಲ. ಯಾವ ಭಾಷೆಯೂ ಕಡಿಮೆಯಲ್ಲ. ಒಂದು ಕೃದಂತದೊಳಗೆ ಹೇಳುವುದನ್ನು ಇನ್ನೊಂದು ವಾಕ್ಯದಲ್ಲಿ ಹೇಳುತ್ತದೆ. ಅದನ್ನು ತಿಳಿಯದೆ ಅರ್ಥ ಬರೆಸಿದರೆ ತೊಂದರೆ ಮಗುವಿಗೆ.

ಮರುಪಾಠ

ಮಾರ್ಗದರ್ಶಕರ ಅನುಮತಿ ಪಡೆದು ಅದೇ ವಿಭಾಗಕ್ಕೆ 40 ನಿಮಿಷದ ಮರುಪಾಠ ಮಾಡಿದೆ. ಪೂರ್ವಜ್ಞಾನಕ್ಕೆ ಕನ್ನಡ ವ್ಯಾಕರಣದ ಕೃದಂತವನ್ನೇ ತೆಗೆದುಕೊಂಡೆ. ‘ಕರಗಿಸಿದ ನೀರು, ಕರಗಿಸಿದ ಸಕ್ಕರೆ’ ಎಂಬ ಎರಡು ಸಾಲು ಹಲಗೆಯ ಮೇಲೆ ಬರೆದು, “ಎರಡರಲ್ಲೂ ಕೆಲಸ ಮಾಡಿದ್ದು ಯಾವುದು?” ಎಂದು ಕೇಳಿದೆ. ನಂತರ ಕಳೆದ ಪಾಠದಲ್ಲಿ ನಾನು ಬರೆಸಿದ ಅರ್ಥ ಎರಡು ಕಡೆಗೂ ಹೊಂದುತ್ತದೆ, ಅದು ನನ್ನ ತಪ್ಪು ಎಂದು ಹೇಳಿ ನೋಟ್‌ಬುಕ್‌ನಲ್ಲಿ ತಿದ್ದಿಸಿದೆ: ಸಾಲ್ವೆಂಟ್ ಎಂದರೆ ಕರಗಿಸುವಂಥದ್ದು, ದ್ರಾವಕ. ಸಾಲ್ಯೂಟ್ ಎಂದರೆ ಕರಗುವಂಥದ್ದು, ದ್ರಾವ್ಯ.

ಬಳಿಕ ‘-ಎಂಟ್ ಎಂದರೆ ಮಾಡುವ, -ಎಂಡ್ ಎಂದರೆ ಮಾಡಲ್ಪಡಬೇಕಾದ’ ಎಂಬ ಪಟ ತೂಗುಹಾಕಿದೆ. ಏಜೆಂಟ್, ಆಕ್ಟ್, ಅಜೆಂಡಾಗಳಿಂದ ಆರಂಭಿಸಿದ್ದರಿಂದ ಮಕ್ಕಳು ಉತ್ಸಾಹದಿಂದ ಪದ ಹುಡುಕತೊಡಗಿದರು. ಆಗ ಹಿಂದಿನ ಬೆಂಚಿನ ಹುಡುಗ ಕೇಳಿದ:

“ಮಿಸ್, ಪರ್ಸೆಂಟೂ ಹಂಗೇನಾ? ಅದು ಏನು ಮಾಡುತ್ತೆ?”

ಇನ್ನೊಬ್ಬ ಕೂಗಿದ: “ಎಲಿಮೆಂಟು? ಎಕ್ಸ್‌ಪೆರಿಮೆಂಟು?”

ಉತ್ತರ ನನ್ನ ಬಳಿ ಇರಲಿಲ್ಲ. “ನಾಳೆ ನೋಡಿಕೊಂಡು ಬಂದು ಹೇಳ್ತೀನಿ” ಎಂದೆ. ಪಾಠ ಮುಗಿದ ಮೇಲೆ ಮಾರ್ಗದರ್ಶಕರು ಪಟದ ಕಡೆ ಬೆರಳು ತೋರಿಸಿ, “ಆ ಪಟ್ಟಿಯಲ್ಲಿ ಕ್ವೋಷೆಂಟ್ ಕೂಡ ಸೇರಿಸಿದ್ದೀಯಮ್ಮ. ಅದು ಯಾವ ಧಾತು? ನೋಡಿ ಹೇಳು” ಎಂದರು. ನೋಡಿದೆ. ಅದು ಯಾವ ಧಾತುವಿನ ಕೃದಂತವೂ ಅಲ್ಲ. ‘ಕ್ವೊತಿಯೆನ್ಸ್’ ಎಂಬ ಲ್ಯಾಟಿನ್ ಅವ್ಯಯ, ‘ಎಷ್ಟು ಸಲ’ ಎಂದು ಅರ್ಥ. ಕೊನೆಯ ಧ್ವನಿ ಹಾಗಿದ್ದುದರಿಂದ ಹಿಂದಿನವರೂ ಅದನ್ನು ಕೃದಂತವೆಂದು ಭ್ರಮಿಸಿ ‘-ಎಂಟ್’ ಬಾಲ ಕೊಟ್ಟರು. ನಾನೂ ಅದೇ ತಪ್ಪು ಮಾಡಿದ್ದೆ.

ಮರುದಿನ ಹತ್ತು ನಿಮಿಷ ತೆಗೆದುಕೊಂಡು ತಿದ್ದಿದೆ. ಪರ್ಸೆಂಟ್ ಬಂದದ್ದು ‘ನೂರಕ್ಕೆ’ ಎಂಬ ಅರ್ಥದ ‘ಪೆರ್ ಕೆಂತುಮ್’ನಿಂದ, ಆ ‘ಕೆಂತುಮ್’ ನಮ್ಮ ‘ಶತ’ದ ನೆಂಟ. ‘ಎಲಿಮೆಂಟ್’, ‘ಎಕ್ಸ್‌ಪೆರಿಮೆಂಟ್’ಗಳ ಲ್ಯಾಟಿನ್ ರೂಪ ‘-ಮೆಂತುಮ್’ ಎಂದು ಮುಗಿಯುವ ನಾಮಪದ, ಕೃದಂತವಲ್ಲ. ಆದ್ದರಿಂದ ‘ಮೆಂಟ್’ ಎಂದು ಮುಗಿದರೆ ಮೊದಲು ಅನುಮಾನಪಡಿ ಎಂದೆ. ಕ್ವೋಷೆಂಟ್‌ನ ನಿಜವಾದ ಅರ್ಥ ಮಕ್ಕಳಿಗೆ ಹೆಚ್ಚು ಉಪಯೋಗಕ್ಕೆ ಬಂತು. 20ರಲ್ಲಿ 4 ಎಷ್ಟು ಸಲ ಹೋಗುತ್ತದೆ? 5 ಸಲ. ಆ ‘ಎಷ್ಟು ಸಲ’ವೇ ಕ್ವೋಷೆಂಟ್. ತಪ್ಪಾದ ನನ್ನ ಪಟಕ್ಕಿಂತ ಈ ಒಂದು ಮಾತು ಭಾಗಲಬ್ಧವನ್ನು ಚೆನ್ನಾಗಿ ತಿಳಿಸಿತು.

10ನೇ ತರಗತಿಯ ವೃತ್ತಗಳ ಪಾಠ ಮಾಡುತ್ತಿದ್ದ ಸಹಪಾಠಿಗೂ ಇದು ನೆರವಾಯಿತು. ‘ಟ್ಯಾಂಜೆಂಟ್’ ಎಂದರೆ ಮುಟ್ಟುವ, ‘ಸೀಕೆಂಟ್’ ಎಂದರೆ ಕತ್ತರಿಸುವ. ಎರಡೂ ವರ್ತಮಾನ ಕರ್ತರಿ ಕೃದಂತಗಳು. 1583ರಲ್ಲಿ ಥಾಮಸ್ ಫಿಂಕೆ ಇವನ್ನು ತನ್ನ ಜ್ಯಾಮಿತಿ ಗ್ರಂಥದಲ್ಲಿ ತ್ರಿಕೋನಮಿತಿಯ ಪದಗಳಾಗಿ ಬಳಸಿದ. ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ರೇಖೆ ಸ್ಪರ್ಶಕ, ಎರಡು ಬಿಂದುಗಳಲ್ಲಿ ಕತ್ತರಿಸುವ ರೇಖೆ ಛೇದಕ. ಚಿತ್ರ ಬರೆದು ಹೆಸರು ಹೇಳಿದರೆ ವ್ಯಾಖ್ಯೆ ಹೆಸರಿನಲ್ಲೇ ಇದೆ.

ಮೌಲ್ಯಮಾಪನ ಮತ್ತು ಕಲಿತದ್ದು

ಮರುಪರೀಕ್ಷೆಯಲ್ಲಿ ಪ್ರಶ್ನೆಯನ್ನು ಬದಲಿಸಿದೆ. ಸಕ್ಕರೆಯ ಬದಲು ಅಯೋಡಿನ್ ಮತ್ತು ಆಲ್ಕೋಹಾಲ್ ಕೊಟ್ಟು, ಯಾವುದು ಯಾವುದು ಎಂದೂ ಏಕೆ ಎಂದೂ ಬರೆಯಲು ಹೇಳಿದೆ. ಹೆಚ್ಚಿನವರು ಸರಿಯಾಗಿ ಬರೆದರು. ಇಬ್ಬರು ಮತ್ತೆ ತಿರುಗುಮುರುಗು ಮಾಡಿದ್ದರು. ಅವರೊಡನೆ ಕುಳಿತಾಗ ತೊಂದರೆ ಪದದ್ದಲ್ಲ, ಅಯೋಡಿನ್ ಹರಳನ್ನು ಅವರು ನೋಡಿಯೇ ಇಲ್ಲ ಎಂದು ತಿಳಿಯಿತು. ಪದಮೂಲವು ಪ್ರಯೋಗಕ್ಕೆ ಬದಲಿ ಅಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಅನುಭವದಿಂದ ನಾಲ್ಕು ಮಾತು:

ಒಂದು, ಕನ್ನಡ ಅರ್ಥ ಬರೆಸುವ ಮೊದಲು ಅದನ್ನು ಎರಡು ವಾಕ್ಯಗಳಲ್ಲಿ ಹಾಕಿ ನೋಡಿ. ಕರ್ತೃವಿಗೂ ಕರ್ಮಕ್ಕೂ ಹೊಂದಿದರೆ ಆ ಅರ್ಥ ಬೇಡ.

ಎರಡು, ಪಠ್ಯದ ಪಾರಿಭಾಷಿಕ ಪದವನ್ನು ಕಠಿಣವೆಂದು ಬಿಡುವ ಮೊದಲು ಅದರ ಪ್ರತ್ಯಯ ನೋಡಿ. ಭಾಜ್ಯ-ಭಾಜಕ, ಗುಣ್ಯ-ಗುಣಕ, ದ್ರಾವ್ಯ-ದ್ರಾವಕ ಇವನ್ನು ಜೋಡಿಯಾಗಿ ಕಲಿಸಿದರೆ ಒಂದು ಇನ್ನೊಂದನ್ನು ನೆನಪಿಸುತ್ತದೆ.

ಮೂರು, ಕನ್ನಡ ಅಧ್ಯಾಪಕರು ಕೃದಂತ ಕಲಿಸಿದ ವಾರದಲ್ಲೇ ವಿಜ್ಞಾನದವರು ಈ ಪದಗಳನ್ನು ತೆಗೆದುಕೊಳ್ಳುವಂತೆ ಪಾಠಯೋಜನೆ ಹೊಂದಿಸಿಕೊಳ್ಳಬಹುದು.

ನಾಲ್ಕು, ಲ್ಯಾಟಿನ್ ಬಾಲಗಳು ನೆನಪಿಗೆ ನೆರವು ಮಾತ್ರ. ಧ್ವನಿ ನೋಡಿ ಊಹಿಸಬಹುದು, ನಿಘಂಟು ನೋಡಿಯೇ ಹೇಳಬೇಕು.

ಇನ್ನೊಂದು ಕೆಲಸ ಉಳಿದಿತ್ತು. ಮೊದಲ ಕಿರುಪರೀಕ್ಷೆಯ ಆ 11 ಉತ್ತರಪತ್ರಿಕೆಗಳನ್ನು ವಾಪಸು ತರಿಸಿ, ಆ ಪ್ರಶ್ನೆಗೆ ಎಲ್ಲರಿಗೂ ಅಂಕ ಕೊಟ್ಟೆ. ದಾಖಲೆ ಪುಸ್ತಕದಲ್ಲಿ ‘ಪರಿಕಲ್ಪನೆ ಸ್ಪಷ್ಟವಿಲ್ಲ’ ಎಂಬುದನ್ನು ಹೊಡೆದು ‘ಬೋಧಕರ ವಿವರಣೆ ಸ್ಪಷ್ಟವಿಲ್ಲ’ ಎಂದು ಬರೆದೆ. ಎರಡನೇ ಬೆಂಚಿನ ಹುಡುಗಿಗೆ ಪತ್ರಿಕೆ ಕೊಡುವಾಗ, “ಇದು ನಿನ್ನ ಇಂಗ್ಲಿಷ್ ತಪ್ಪಲ್ಲ, ನನ್ನ ಕನ್ನಡದ ತಪ್ಪು. ಮನೇಲಿ ಹಾಗೇ ಹೇಳು” ಎಂದೆ. ಅವಳು ಪತ್ರಿಕೆ ಮಡಚಿ ಚೀಲದಲ್ಲಿಟ್ಟುಕೊಂಡು ಕೇಳಿದಳು:

“ಮಿಸ್, ಸ್ಟೂಡೆಂಟ್ ಅನ್ನೋದ್ರಲ್ಲೂ ಎಂಟ್ ಇದೆಯಲ್ಲ?”

ಈ ಸಲ ನಾನು ನೋಡಿಕೊಂಡೇ ಬಂದಿದ್ದೆ. ಅದು ಕೃದಂತವೇ. ‘ಸ್ತುದೆನ್ಸ್’, ಆಸಕ್ತಿಯಿಂದ ಶ್ರಮಿಸುವ, ಓದುವ ಎಂದರ್ಥ.